ಗಾಳಿಯ ಹದ

ಟೈರಿಗೆ ಎಷ್ಟು ಗಾಳಿ ಎಂದು ಕಂಡಕಂಡವರನ್ನು ಕೇಳುತ್ತ ತಿರುಗುವ ಜಾಯಮಾನ ನನ್ನದಲ್ಲ! ನನ್ನ ಹಳೆಯ ಟ್ರಕ್ಕಿಗೆ ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ, ದಪ್ಪ ದಪ್ಪ ಬಟನ್ನಿನಂಥ ಉಬ್ಬುಗಳಿರುವ ಟೈರು ತೊಡಿಸಿದ ದಿನವೇ ಶಪಥ ಮಾಡಿದೆ: ಇವುಗಳ ಗಾಳಿಯ ಹದವನ್ನು ನಾನೇ ಕಂಡುಹಿಡಿಯುತ್ತೇನೆ!

ಅವಕಾಶವೂ ಬಂತು. ಅತ್ತೆಯವರು ಗುಡ್ಡದ ಮೇಲಿನ ಹೊಸ ಮನೆಗೆ ಹೋಗುವವರಿದ್ದರು. ದಾರಿಯುದ್ದಕ್ಕೂ ಜಲ್ಲಿ, ಬಂಡೆ. ಬಾಡಿಗೆ ಲಾರಿಯವರು ದೂರದಿಂದಲೇ ಕೈಮುಗಿದಿದ್ದರು. "ನಾನಿದ್ದೇನಲ್ಲ!" ಎಂದು ಎದೆ ತಟ್ಟಿಕೊಂಡೆ.

"ಗಾಳಿ ಹೊಡೆಸ್ಕೊಂಡು ಹೊರಟ್ರಾಯ್ತಲ್ವಾ?" ಎಂದಳು ಹೆಂಡತಿ.

"ಅಷ್ಟು ಸುಲಭ ಅಲ್ಲ ಕಣೇ! ಜಾಸ್ತಿಯಾದ್ರೆ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತೆ. ಕಮ್ಮಿಯಾದ್ರೆ ಟೈರು ರಿಮ್ಮಿಗೇ ಡೈವೋರ್ಸ್ ಕೊಡುತ್ತೆ!"

"ಟೈರಿಗಿರೋ ಧೈರ್ಯ ನನಗಿಲ್ಲ ನೋಡಿ."

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಅತ್ತೆಯವರ ಕಬ್ಬಿಣದ ಬೀರುವನ್ನು ಹೇರಿಸಿದೆ. ನಾಲ್ಕೂ ಟೈರಿನ ಮೇಲೆ ಅಡ್ಡಡ್ಡವಾಗಿ ಸೀಮೆಸುಣ್ಣದ ಗೆರೆ ಎಳೆದೆ. ಗಾಡಿ ಓಡಿಸಿ ನೋಡುವುದು: ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ, ಸಮನಾಗಿ ಅಳಿಸಿದರೆ ಹದ!

"ರೀ, ನಾಮ ಹಾಕ್ತಿರೋದು ಟೈರಿಗೋ, ನಮ್ಮಮ್ಮನಿಗೋ?"

"ಅತ್ತೇ, ನೀವೂ ಹತ್ತಿ. ಭಾರ ಪೂರ್ತಿ ಇದ್ರೇನೇ ಲೆಕ್ಕ ಸರಿಬರೋದು," ಎಂದೆ.

ಅತ್ತೆಯವರ ಮುಖ ಊದಿಕೊಂಡಿತು. "ಬೀರು ತೂಕ ಸಾಲ್ಲಿಲ್ವಾ ಅಳಿಯಂದ್ರೇ?"

ಹತ್ತಿದರು. ಬೀದಿಯ ಈ ತುದಿಯಿಂದ ಆ ತುದಿಗೆ ಓಡಿಸಿದೆ. ಇಳಿದು ನೋಡಿದರೆ ನಡುವೆ ಅಳಿಸಿತ್ತು. ಗಾಳಿ ಇಳಿಸಿ, ಹೊಸದಾಗಿ ಗೆರೆ ಎಳೆದು ಮತ್ತೆ ಓಡಿಸಿದೆ. ಅಂಚು ಅಳಿಸಿತ್ತು. ಪಂಪಿನಿಂದ ತುಸು ಏರಿಸಿ ಮತ್ತೆ ಓಡಿಸಿದೆ. ಮುಂದಿನ ಟೈರು ಒಪ್ಪಿದರೆ ಹಿಂದಿನದು ಮುನಿಯಿತು. ಹಿಂದಿನದನ್ನು ರಮಿಸುವಷ್ಟರಲ್ಲಿ ಮುಂದಿನದು ಕೆಟ್ಟಿತು. ಅಕ್ಕಪಕ್ಕದವರು ಕುರ್ಚಿ ತಂದು ಹಾಕಿಕೊಂಡರು. "ಅಜ್ಜಿಗೆ ಇನ್ನೊಂದು ರೌಂಡು!" ಎಂದು ಚಪ್ಪಾಳೆ ತಟ್ಟಿದರು. ನಾನು ಜಗ್ಗಲಿಲ್ಲ. ಹಿಡಿದ ಹಟ ಬಿಟ್ಟರೆ ನಾನು ನಾನೇ ಅಲ್ಲ!

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಗೆರೆ ಸಮನಾಗಿ ಮಾಯವಾದವು. "ಗೆದ್ದೆ!" ಎಂದು ಕೂಗಿದೆ. ಇನ್ನು ದಾರಿಯ ಕಲ್ಲಿಗೆ ತಕ್ಕಂತೆ ಒಂದಿಷ್ಟು ಗಾಳಿ ಇಳಿಸಿ, ಹೆಂಡತಿಯನ್ನೂ ಹತ್ತಿಸಿಕೊಂಡು ಗುಡ್ಡದತ್ತ ಗಾಡಿ ತಿರುಗಿಸಿದೆ. ಆಹಾ, ಆ ಟೈರುಗಳು! ಜಲ್ಲಿಯನ್ನು ಅಪ್ಪಿಕೊಂಡು, ಬಂಡೆಯನ್ನು ಸವರಿಕೊಂಡು ಬೆಣ್ಣೆಯ ಮೇಲೆ ಹೋದಂತೆ ಹತ್ತಿದವು. ಹೆಂಡತಿ ಕೂಡ ಬೆರಗಾದಳು. ಅತ್ತೆಯವರು ನಕ್ಕೇಬಿಟ್ಟರು!

ಅರ್ಧ ಏರಿನಲ್ಲಿ ಎಂಜಿನ್ ಕೆಮ್ಮಿತು. ಬಿಕ್ಕಿತು. ನಿಂತಿತು.

"ಟೈರಲ್ಲಂತೂ ದೋಷ ಇಲ್ಲ!" ಇಳಿದು ಒಂದೊಂದನ್ನೂ ಹೆಮ್ಮೆಯಿಂದ ತಟ್ಟಿ ನೋಡಿದೆ. ಹೆಂಡತಿ ಸ್ಟೀರಿಂಗ್ ಕಡೆಗೆ ಬಗ್ಗಿ ಮುಳ್ಳು ನೋಡಿದಳು.

"ರೀ, ಬೆಳಿಗ್ಗೆಯಿಂದ ಬೀದಿ ಸುತ್ತಿ ಸುತ್ತಿ ಡೀಸೆಲ್ ಪೂರಾ ಖಾಲಿ!"

ಅತ್ತೆಯವರೇ ನನ್ನ ಪರ ವಹಿಸಿದರು.

"ಪಾಪ, ಅಳಿಯಂದ್ರನ್ನ ಬೈಬೇಡ ಕಣೇ. ಟೈರಿಗೆ ಹದವಾಗಿ ಹಾಕಿದಾರೆ, ಟ್ಯಾಂಕಿಗೆ ಕಂಠಪೂರ್ತಿ ತುಂಬ್ಸಿದಾರೆ... ಗಾಳಿ!"