ಎಂಟು ಬಣ್ಣದ ಬೋಲ್ಟು

2004, ಜುಲೈ ಒಂಬತ್ತು. ಬೆಳಗ್ಗೆಯಿಂದ ಜಡಿಮಳೆ, ಹತ್ತು ಗಂಟೆಗೆ ಗಾಳಿ, ಮಧ್ಯಾಹ್ನ ಬಿಸಿಲು ಬಂದ ಹಾಗೆ ಮಾಡಿ ಮತ್ತೆ ಮಳೆ.

ಹಳೇ ಗಾಡಿಗಳ ವೈರಿಂಗ್ ನೋಡುವವನಿಗೆ ಇಂಥ ದಿನವೇ ಕೆಲಸ ಜಾಸ್ತಿ. ಸಕಲೇಶಪುರದಲ್ಲಿ ಅಂಗಡಿ ಹಾಕಿದ ಮೇಲೆ ನಾನು ಕಲಿತದ್ದು ಇಷ್ಟು: ಗಾಡಿ ಅಂಗಡಿಯಲ್ಲಿರುವಾಗ ಕಳವಳ, ಹೋದ ಮೇಲೆ ನಗು.

ಅವತ್ತು ಬಂದವರು ಹೆತ್ತೂರು ಕಡೆಯ ದನದ ಡಾಕ್ಟರು. ಅವರ ಸ್ವಂತ ಜೀಪಿನ ವೈಪರ್ ನಿಂತುಹೋಗಿತ್ತು.

"ಮೂರು ವರ್ಷದಿಂದ ಇದೇ ಗೋಳು. ಬಿಸಿಲಲ್ಲಿ ಚೆನ್ನಾಗಿ ಆಡುತ್ತೆ, ಮಳೆ ಬಂದರೆ ಮಲಗುತ್ತೆ" ಅಂದರು.

ಬಾನೆಟ್ ಎತ್ತಿದೆ. ಒಳಗೆಲ್ಲ ತಿಳಿನೀಲಿ ಬಣ್ಣ, ಬೋಲ್ಟಿನ ತಲೆಯನ್ನೂ ಬಿಟ್ಟಿರಲಿಲ್ಲ.

"ಇದನ್ನ ಬಳಿದದ್ದು ಯಾರು?"

"ಗೊತ್ತಿಲ್ಲಪ್ಪ. ಒಂದು ಆಯುಧಪೂಜೆಗೆ ಜೀಪ್ ಆಸ್ಪತ್ರೆ ಮುಂದೆ ಬಿಟ್ಟು ಬಸ್ಸಲ್ಲಿ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಹೀಗಿತ್ತು. ಆಸ್ಪತ್ರೆ ಅಟೆಂಡರ್ ಮಾಡಿಸಿರಬೇಕು ಅಂದ್ಕೊಂಡೆ. ಚೆನ್ನಾಗಿದೆಯಲ್ಲ?"

ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ರೀ ನಗ್ತೀರಿ? ಎಷ್ಟಾಗುತ್ತೆ ಅದನ್ನ ಹೇಳಿ."

"ಹೇಳ್ತೀನಿ. ಅದಕ್ಕೆ ಮೊದಲು ಗೌಡರ ಪಿಕಪ್ಪಿನ ವಿಷಯ ಹೇಳಬೇಕು" ಅಂದೆ. ಸ್ಟೂಲು ಎಳೆದು ಕೊಟ್ಟೆ. ಅವರು ಕೂತರು, ನಾನು ಸ್ಪ್ಯಾನರ್ ಹಿಡಿದುಕೊಂಡೇ ಶುರುಮಾಡಿದೆ.

ತುಂಬುವ ಟ್ಯಾಂಕು

ಮೂರು ವರ್ಷದ ಹಿಂದೆ, ಮಳೆ ಹಿಡಿದ ವಾರ, ಗೌಡರ ಪಿಕಪ್ಪನ್ನು ಒಂದು ಲಾರಿ ಎಳೆದುಕೊಂಡು ಬಂತು. ಗೌಡರೂ ಹೆತ್ತೂರು ಕಡೆಯವರೇ, ಅರವತ್ತರ ಹತ್ತಿರ. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ. ಗೌಡರು ಎಲ್ಲಿಗೆ ಹೋದರೂ ಆಕೆ ಆ ಸೀಟಿನಲ್ಲಿ ಇರುತ್ತಿದ್ದರು. ಗಾಡಿಯ ಮೇಲೆ ನಂಬಿಕೆ ಇಲ್ಲದ್ದಕ್ಕೋ, ಗೌಡರ ಮೇಲೆ ಇಲ್ಲದ್ದಕ್ಕೋ, ನಾನು ಕೇಳಲಿಲ್ಲ.

"ಎಡಕ್ಕೆ ಇಂಡಿಕೇಟರ್ ಹಾಕಿದ್ರೆ ಟ್ಯಾಂಕ್ ತುಂಬ್ತದೆ ಕಣೋ ಮಾರಾಯ" ಅಂದರು ಗೌಡರು, ಇಳಿಯುತ್ತಲೇ.

ನೋಡಿದೆ. ನಿಜ. ಎಡಗಡೆಯ ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಎದ್ದು ಫುಲ್ಲಿಗೆ ಹೋಗುತ್ತಿತ್ತು.

"ಅದನ್ನ ನೋಡ್ಕೊಂಡು ಹೆತ್ತೂರಿಂದ ಇಲ್ಲೀಗಂಟ ಎಡಗಡೆ ಲೈಟ್ ಹಾಕ್ಕೊಂಡೇ ಬಂದ್ರು. ತುಂಬಿರೋದು ಕಂಡ್ರೆ ಧೈರ್ಯ ಅಂತೆ" ಅಂದರು ಹೆಂಡತಿ.

"ಡೀಸೆಲ್ ಮುಗಿದು ನಿಂತಿತಾ?"

"ನಿಂತ್ಮೇಲೂ ಮುಳ್ಳು ತೋರ್ಸಿ, ‘ಡೀಸೆಲ್ ಫುಲ್ ಐತೆ, ಇಂಜಿನ್ನೇ ಸತ್ತೋಗೈತೆ’ ಅಂತ ರೋಡಲ್ಲಿ ಕೂತು ಅತ್ತುಬುಟ್ರು."

ಅಳಲು ಕಾರಣವಿತ್ತು. ಗೌಡರು ಬದುಕುತ್ತಿದ್ದದ್ದು ಒಂದೇ ಬಾಡಿಗೆಯ ಮೇಲೆ. ಡಿಸೆಂಬರಿನಲ್ಲಿ ಕೊಯ್ಲು ಶುರುವಾದರೆ, ಹೆತ್ತೂರು ಕಡೆಯ ಒಂದು ಎಸ್ಟೇಟಿನ ಕಾಫಿ ಮೂಟೆಗಳನ್ನು ಹಾಸನಕ್ಕೆ ಸಾಗಿಸಬೇಕು. ಆ ವರ್ಷ ಎಸ್ಟೇಟ್ ರೈಟರು ಖಡಾಖಂಡಿತವಾಗಿ ಹೇಳಿದ್ದರು: ನವೆಂಬರ್ ಮುಗಿಯುವುದರೊಳಗೆ ಗಾಡಿಗೆ ಎಫ್.ಸಿ., ಅಂದರೆ ಆರ್‌ಟಿಒದವರ ಫಿಟ್‌ನೆಸ್ ಸರ್ಟಿಫಿಕೇಟು, ಆಗಿರಬೇಕು, ಇಲ್ಲವಾದರೆ ಲೋಡು ಬೇರೆಯವರಿಗೆ. ಬೇರೆಯವರು ಅಂದರೆ ಯಾರು ಎಂಬುದೂ ಗೊತ್ತಿತ್ತು. ಗೌಡರ ಹೆಂಡತಿಯ ತಮ್ಮ. ಹೊಸ ಪಿಕಪ್ ತೆಗೆದು, ಒರೆಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಅವನು ಲೋಡ್ ಹೊಡ್ಕೊಂಡ್ ನಮ್ಮನೆ ಮುಂದ್ಲಿಂದ್ಲೇ ಹೋಗ್ಬೇಕು. ಹಾರ್ನ್ ಹೊಡೀದೆ ಹೋಗ್ತಾನಾ? ನಾನು ನೋಡ್ಕೊಂಡು ಕೂತಿರ್ಬೇಕಾ?" ಅಂದರು ಗೌಡರು.

"ಕೂತಿರೋದು ಬ್ಯಾಡ. ಕೈ ಎತ್ತಿ, ಹತ್ತಿಸ್ಕಂತಾನೆ" ಅಂದರು ಹೆಂಡತಿ.

ಎಲ್ಲಾ ಕೆಂಪು

"ಸರಿ, ಎಷ್ಟು ತಗೊಂಡ್ರಿ?" ಅಂದರು ಡಾಕ್ಟರು.

ನನ್ನದೊಂದು ಪದ್ಧತಿ ಇದೆ. ಗಾಡಿ ಸರಿಯಾಗುವವರೆಗೆ ದುಡ್ಡು ಮುಟ್ಟುವುದಿಲ್ಲ. ಒಳ್ಳೆಯ ಪದ್ಧತಿ ಅಂತ ನಾನೂ ತಿಳಿದಿದ್ದೆ, ಗೌಡರು ಬರುವವರೆಗೆ.

ಡ್ಯಾಶ್‌ಬೋರ್ಡ್ ಬಿಚ್ಚಿದೆ. ಒಳಗಿದ್ದ ವೈರುಗಳೆಲ್ಲ ಕೆಂಪು. ಹೆಡ್‌ಲೈಟಿನದೂ ಕೆಂಪು, ಹಾರ್ನಿನದೂ ಕೆಂಪು, ಯಾವುದಕ್ಕೂ ಸೇರದೆ ಸುಮ್ಮನೆ ಬಂದು ಹೋಗುವುದೂ ಕೆಂಪು.

"ಇದೇನು ಗೌಡ್ರೇ?"

"ಒಂದ್ಸಲ ಹಾಸನದಲ್ಲಿ ಪೂರ್ತಿ ಸುರುಳಿ ಅಗ್ಗಕ್ಕೆ ಸಿಕ್ತು. ಎಲ್ಲಾ ವೈರೂ ಒಂದೇ ಬಣ್ಣ ಇದ್ರೆ ಅಂದ ಅಲ್ವಾ?"

ಇಡೀ ದಿನ ಕೂತು ಒಂದೊಂದೇ ವೈರ್ ಹಿಡಿದು, ಅದರ ಇನ್ನೊಂದು ತುದಿ ಹುಡುಕಿ, ಹೆಸರು ಬರೆದ ಕಾಗದದ ಚೀಟಿ ಕಟ್ಟಿದೆ. ಬ್ರೇಕ್ ಲೈಟ್. ಡಿಮ್. ಡಿಪ್. ಕೆಲಸ ಮುಗಿಯಲಿಲ್ಲ. "ಇವತ್ತೊಂದಿನ ಮನೇಗೆ ತಗೊಂಡೋಗ್ತೀನಿ, ನಾಳೆ ತರ್ತೀನಿ. ಚೀಟಿ ಮುಟ್ಟಲ್ಲ" ಅಂತ ಗೌಡರು ಹೋದರು.

ಮಾರನೆಯ ದಿನ ಬಂದಾಗ ವೈರುಗಳಿದ್ದವು. ಚೀಟಿ ಒಂದೂ ಇರಲಿಲ್ಲ.

"ಮುಟ್ಟಲ್ಲ ಅಂದಿದ್ರಿ."

"ನಾನು ಮುಟ್ಟಿಲ್ಲ ಕಣಯ್ಯ. ಮಳೆ ಜೋರಿತ್ತು. ಮೇಕೆ ನೆನೀತದೆ ಅಂತ ಕ್ಯಾಬಿನ್ನಲ್ಲಿ ಕಟ್ಟಿದ್ದೆ."

ಇಷ್ಟು ಹೇಳುವಷ್ಟರಲ್ಲಿ ಡಾಕ್ಟರು ಸ್ಟೂಲಿನಿಂದ ಎದ್ದರು.

"ಕಪ್ಪು ಮೇಕೆ! ಒಂದು ಕಿವಿ ಬಿಳಿ! ಹೊಟ್ಟೆ ಉಬ್ಬರಿಸಿದೆ ಅಂತ ಎತ್ತಿಕೊಂಡು ಬಂದಿದ್ದರು. ಎಣ್ಣೆ ಕುಡಿಸಿದ್ದು ನಾನೇ ಕಣ್ರೀ. ಏನು ತಿಂತು ಅಂತ ಕೇಳಿದರೆ, ಆ ಮನುಷ್ಯ ‘ವೈರಿಂಗ್ ಸಾರ್’ ಅಂದರು. ಯಾವುದೋ ಸೊಪ್ಪಿನ ಹೆಸರು ಅಂದ್ಕೊಂಡು ರಿಜಿಸ್ಟರಿನಲ್ಲೂ ಹಾಗೇ ಬರೆದೆ" ಅಂದು ಮತ್ತೆ ಕೂತರು.

ತಿರುವಿನ ಹಾರ್ನು

ಜುಲೈ ಹೊತ್ತಿಗೆ ಡೀಸೆಲ್ ಮುಳ್ಳು ಸುಮ್ಮನಾಯಿತು. ಹಾರ್ನ್ ಶುರುವಾಯಿತು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ತಾನೇ ಬಡಿದುಕೊಳ್ಳುತ್ತಿತ್ತು. ಎಡಕ್ಕೆ ತಿರುಗಿಸಿದರೆ ಮೌನ. ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತಲ್ಲ, ನೂರು ಮಾರು ನೆಟ್ಟಗೆ ಹೋದರೆ ಹೆಚ್ಚು.

ಹೆಗ್ಗದ್ದೆ ಹತ್ತಿರ ಮುಂದೆ ಒಬ್ಬರು ಸ್ಕೂಟರಿನಲ್ಲಿ ಹೋಗುತ್ತಿದ್ದರಂತೆ, ರೇನ್‌ಕೋಟು, ಹೆಲ್ಮೆಟ್ಟು. ಬಲತಿರುವು ಬಂದಾಗಲೆಲ್ಲ ಹಿಂದಿನಿಂದ ಗೌಡರ ಹಾರ್ನು. ಅವರು ದಾರಿ ಬಿಡುತ್ತಾರೆ, ಅಷ್ಟರಲ್ಲಿ ಎಡತಿರುವು, ಹಾರ್ನ್ ನಿಲ್ಲುತ್ತದೆ, ಗೌಡರು ಮುಂದೆ ಹೋಗುವುದಿಲ್ಲ. ಮತ್ತೆ ಬಲತಿರುವು, ಮತ್ತೆ ಹಾರ್ನು. ಆರನೇ ಸಲಕ್ಕೆ ಆ ಮನುಷ್ಯ ಸ್ಕೂಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು.

"ಏನ್ರೀ ನಿಮ್ಮ ಅವಸರ? ಜಾಗ ಕೊಟ್ಟರೂ ಹೋಗಲ್ಲ, ಹಾರ್ನೂ ಬಿಡಲ್ಲ!"

"ನಾನು ಹೊಡೆದಿಲ್ಲ ಸ್ವಾಮಿ. ತಿರುವು ಹೊಡೀತು."

"ಕುಡಿದಿದ್ದೀರಾ?"

ಹೆಂಡತಿ ಕಿಟಕಿಯಿಂದ ಮುಖ ಹೊರಗೆ ಹಾಕಿದರು. "ಅವರು ಕುಡಿಯಲ್ಲ ಸ್ವಾಮಿ. ಗಾಡಿ ಏನಾದ್ರೂ ಕುಡ್ದೈತಾ ನೋಡ್ಬೇಕು."

ಆ ಮನುಷ್ಯ ನಗಲಿಲ್ಲ. ಗಾಡಿಯ ನಂಬರನ್ನು ಒಂದು ಸಲ ಓದಿಕೊಂಡು ಹೋದರು.

ಸ್ಟಿಯರಿಂಗ್ ಕಂಬದೊಳಗೆ ಉಜ್ಜಿ ಸವೆದಿದ್ದ ವೈರ್ ಬದಲಾಯಿಸಿದೆ. ಹಾರ್ನ್ ಸರಿಯಾಯಿತು. ಒಂದೇ ವಾರಕ್ಕೆ ಮತ್ತೆ ಬಂದರು: ಬ್ರೇಕ್ ತುಳಿದರೆ ಮುಂದಿನ ಪಾರ್ಕಿಂಗ್ ಲೈಟ್ ಹತ್ತುತ್ತಿತ್ತು, ಹೆಡ್‌ಲೈಟ್ ಹಾಕಿದರೆ ವೈಪರ್ ಅರ್ಧಕ್ಕೆ ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ನಾನು ಪುಸ್ತಕ ಹಿಡಿದರೆ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ಸಾಲುಗಳೆಲ್ಲ ಕೆಂಪು ವೈರಾಗಿ ಕಾಣುತ್ತಿದ್ದವು. ಊಟಕ್ಕೆ ಕೂತವನು ಎದ್ದು ಹೋಗಿ ಯಾವುದೋ ಫ್ಯೂಸ್ ನೋಡಿ ಬರುತ್ತಿದ್ದೆ. ಗಾಡಿ ಅಲ್ಲಿರುತ್ತಿರಲಿಲ್ಲ.

"ಅಕ್ಟೋಬರ್ ಬಂತಲ್ಲೋ" ಅನ್ನುತ್ತಿದ್ದರು ಗೌಡರು, ಸೆಪ್ಟೆಂಬರಿನಿಂದಲೇ.

ಎಂಟು ಬಣ್ಣ

ಆಯುಧಪೂಜೆಯ ಮಾರನೆಯ ದಿನ ಪಿಕಪ್ಪನ್ನು ಮತ್ತೆ ಎಳೆದು ತಂದರು. ಹೊಚ್ಚ ಹೊಸ ತಿಳಿನೀಲಿ ಬಣ್ಣ, ಮುಂದೆ ಬಾಳೆಕಂದು, ಗಾಜಿನ ಮೇಲೆ ವಿಭೂತಿ. ಒಳಗೆ ಒಂದು ದೀಪವೂ ಇಲ್ಲ, ಹಾರ್ನೂ ಇಲ್ಲ, ಸೆಲ್ಫ್ ಸ್ಟಾರ್ಟೂ ಇಲ್ಲ.

"ಪ್ರತೀ ವರ್ಷ ಹಿಂಗೇ ಕಣೋ. ಪೂಜೆ ಆದ್ಮೇಲೇ ಕೆಡ್ತದೆ. ಯಾರೋ ಕಣ್ಣು ಹಾಕ್ತವ್ರೆ" ಅಂದರು ಗೌಡರು. ಹೆಂಡತಿಯ ಕಡೆ ನೋಡಿದರು.

"ನನ್ನ ತಮ್ಮನ ಕಣ್ಣಿಗೆ ಕನ್ನಡಕ ಬಂದು ಎರಡು ವರ್ಷ ಆಯ್ತು. ಅಷ್ಟು ದೂರ ಕಾಣಲ್ಲ" ಅಂದರು ಅವರು.

ಪ್ರತೀ ವರ್ಷ. ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

"ಗೌಡ್ರೇ, ಬಣ್ಣ ಹೆಂಗೆ ಬಳೀತೀರಿ?"

ಅವರ ಮುಖ ಅರಳಿತು. ಐದು ತಿಂಗಳಿಂದ ಯಾರಾದರೂ ಕೇಳಲಿ ಅಂತ ಕಾದಿದ್ದ ಹಾಗೆ.

"ಬೇರೆಯೋರ ಥರ ಮೇಲ್ಮೇಲೆ ಬಳಿಯೋನಲ್ಲ ನಾನು. ಬಾನೆಟ್ ಒಳಗೆ ಒಂದೊಂದು ಬೋಲ್ಟೂ ಬಿಚ್ತೀನಿ. ಅದ್ರ ಅಡಿಗೂ ಬಳಿದು, ಒಣಗ್ಸಿ, ಮತ್ತೆ ಬಿಗೀತೀನಿ. ದೇವ್ರಿಗೆ ಮೋಸ ಮಾಡ್ಬಾರ್ದು."

ಗಾಡಿಯ ಕರೆಂಟು ಬ್ಯಾಟರಿಯಿಂದ ವೈರಿನಲ್ಲಿ ಹೋಗುತ್ತದೆ. ವಾಪಸ್ ಬರುವುದು ಗಾಡಿಯ ಮೈಯ ಕಬ್ಬಿಣದ ಮೂಲಕ. ಅದಕ್ಕೆ ನಾವು ಅರ್ಥಿಂಗ್ ಅನ್ನುತ್ತೇವೆ. ಆ ಅರ್ಥಿಂಗ್ ವೈರನ್ನು ಮೈಗೆ ಸೇರಿಸುವುದು ಒಂದು ಬೋಲ್ಟು. ಅದರ ಅಡಿಗೆ ಬಣ್ಣ ಬಿದ್ದರೆ ಕರೆಂಟಿಗೆ ಮನೆಗೆ ಹೋಗಲು ದಾರಿ ಇಲ್ಲ. ಸಿಕ್ಕ ಸಿಕ್ಕ ದೀಪದೊಳಗೆ, ವೈಪರಿನೊಳಗೆ ನುಗ್ಗುತ್ತದೆ. ಆ ಬೋಲ್ಟನ್ನು ನಾನು ನಾಲ್ಕು ಸಲವಾದರೂ ಅಲುಗಿಸಿ ನೋಡಿದ್ದೆ. ಬಿಗಿಯಾಗಿತ್ತು. ಬಿಗಿಯಾಗಿರುವುದೆಲ್ಲ ಸರಿಯಾಗಿರುತ್ತದೆ ಅಂದುಕೊಂಡದ್ದು ನನ್ನ ತಪ್ಪು.

ಬಿಚ್ಚಿದೆ. ಹ್ಯಾಕ್ಸಾ ಬ್ಲೇಡಿನಿಂದ ಕೆರೆದೆ. ನೀಲಿ ಬಂತು. ಅದರ ಅಡಿಗೆ ಹಸಿರು. ಅದರ ಅಡಿಗೆ ಹಳದಿ.

ಗೌಡರ ಹೆಂಡತಿ ಇಳಿದು ಬಂದು ಬಗ್ಗಿ ನೋಡಿದರು. "ಹಸಿರು ಹೋದ ವರ್ಷದ್ದು. ಹಳದಿ, ಮಗಳು ಬಾಣಂತನಕ್ಕೆ ಬಂದಿದ್ಲಲ್ಲ, ಆಗಿನದು. ಈ ಮೆರೂನು ಅವಳ ಮದುವೆ ವರ್ಷದ್ದು. ಕೆರೀರಿ, ಕೆರೀರಿ. ಇನ್ನೂ ಕೆಳಗೆ ಒಂದು ಬೂದಿ ಬಣ್ಣ ಬರ್ತದೆ, ಅದು ಇವರಿಗೆ ಕಾಮಾಲೆ ಆದ ವರ್ಷ."

ಎಂಟು ಬಣ್ಣ. ಎಂಟನೆಯದರ ಅಡಿಗೆ ಕಬ್ಬಿಣ ಹೊಳೆಯಿತು. ಬೋಲ್ಟು ಹಾಕಿ ಬಿಗಿದು ಕೀ ತಿರುಗಿಸಿದೆ. ಎಲ್ಲ ಒಂದೇ ಸಲ ಎದ್ದು ಕೂತಿತು.

ಗೌಡರಿಗೆ ಸಂತೋಷವಾಗಲಿಲ್ಲ. ಕೆಳಗೆ ಬಿದ್ದಿದ್ದ ಬಣ್ಣದ ಪುಡಿಯನ್ನೇ ನೋಡುತ್ತಿದ್ದರು.

"ಪೂಜೆ ಮಾಡಿದ್ದನ್ನ ಕೆರೆದುಬುಟ್ಟೆಯಲ್ಲೋ."

"ಇಷ್ಟು ವರ್ಷ ಗಾಡೀನ ಕೆಡ್ಸಿದ ಕಣ್ಣು ಯಾರ್ದು ಅಂತ ಗೊತ್ತಾಯ್ತಲ್ಲ, ನಡೀರಿ" ಅಂದರು ಹೆಂಡತಿ.

ಎಫ್.ಸಿ.

ನವೆಂಬರಿನ ಕೊನೆಯ ವಾರ. ಆರ್‌ಟಿಒ ಮೈದಾನದಲ್ಲಿ ಗಾಡಿಗಳ ಸಾಲು. ಧೈರ್ಯಕ್ಕೆ ನಾನೂ ಜೊತೆಗೆ ಬರಬೇಕು ಅಂತ ಗೌಡರು ಹಟ ಹಿಡಿದಿದ್ದರು. ನಮ್ಮ ಸರದಿ ಬಂತು. ಬ್ರೇಕ್ ಇನ್ಸ್‌ಪೆಕ್ಟರು ಬಂದು ನಂಬರ್ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಗೌಡರ ಮುಖ ನೋಡಿದರು.

"ತಿರುವು ಹೊಡೀತು ಅಂದವರು ನೀವಲ್ವಾ?"

ಹೆಲ್ಮೆಟ್ ಇಲ್ಲದ ಆ ಮುಖವನ್ನು ಗೌಡರು ನೋಡಿದ್ದು ಅದೇ ಮೊದಲು. ಹೆಡ್‌ಲೈಟ್ ಹಾಕಿ ಅಂದರು ಇನ್ಸ್‌ಪೆಕ್ಟರು, ಹತ್ತಿತು. ಬ್ರೇಕ್, ಇಂಡಿಕೇಟರ್, ವೈಪರ್, ಎಲ್ಲ ಸರಿ.

"ಹಾರ್ನ್ ಹೊಡೀರಿ."

ಗೌಡರು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರು. ಮಳೆಗಾಲದಲ್ಲಿ ಅಂಟಿದ ರೂಢಿ. ಸದ್ದು ಬರಲಿಲ್ಲ. ಪೂರ್ತಿ ಬಲಕ್ಕೆ ತಿರುಗಿಸಿದರು. ಇಲ್ಲ. ಕಿಟಕಿಯಿಂದ ನನ್ನನ್ನು ನೋಡಿದರು. ನಾನು ಕೂಗಿ ಹೇಳುವ ಹಾಗಿರಲಿಲ್ಲ. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಪಕ್ಕದ ಸೀಟಿನಿಂದ ಒಂದು ಕೈ ಬಂತು. ಬಳೆಗಳ ಸದ್ದು, ಆಮೇಲೆ ಮೈದಾನವೆಲ್ಲ ತಿರುಗಿ ನೋಡುವ ಹಾಗೆ ಹಾರ್ನು.

"ಇದಕ್ಕೊಂದು ಬಟನ್ ಐತೆ. ಮರೆತುಬುಟ್ರಾ?"

ಹೆಗ್ಗದ್ದೆಯಲ್ಲಿ ನಗದ ಮನುಷ್ಯ ಅವತ್ತು ನಕ್ಕರು. ನಗುತ್ತಲೇ ಸಹಿ ಹಾಕಿದರು. "ಗಾಡಿ ಪಾಸು. ಡ್ರೈವರ್ ಪಾಸಾಗಬೇಕಾದರೆ ಅಮ್ಮನವರು ಜೊತೆಗಿರಲಿ" ಅಂದರು.

ಡಿಸೆಂಬರಿನ ಮೊದಲ ಲೋಡು ಗೌಡರದೇ. ಭಾವಮೈದುನನ ಮನೆ ಮುಂದೆ ಗಾಡಿ ನಿಧಾನ ಮಾಡಿ, ಹಾರ್ನ್ ಹೊಡೆದರಂತೆ. ಬಟನ್ ಒತ್ತಿಯೇ.

ಕೊಟ್ಟದ್ದು

ಮಳೆ ಇಳಿದಿತ್ತು. ಡಾಕ್ಟರು ಹೊರಗೆ ನೋಡಿದರು, ಗಡಿಯಾರ ನೋಡಿದರು.

"ಎಲ್ಲಾ ಸರಿ. ಆರು ತಿಂಗಳು ಕೆಲಸ ಮಾಡಿದ್ದೀರಿ. ಕೊನೆಗೆ ಎಷ್ಟು ಕೊಟ್ಟರು, ಅದನ್ನ ಹೇಳಿ."

"‘ಒಂದು ಬೋಲ್ಟ್ ಕೆರೆದಿದ್ದಕ್ಕೆ ದುಡ್ಡು ಕೇಳೋಕೆ ನಿಂಗೂ ನಾಚಿಕೆ, ಕೊಡೋಕೆ ನಂಗೂ ನಾಚಿಕೆ’ ಅಂದರು ಗೌಡರು. ಭಾನುವಾರ ನಾನಿಲ್ಲದಾಗ ಉಳಿದ ಪೇಂಟ್ ತಂದು ಅಂಗಡಿ ಬಳಿದುಕೊಟ್ಟು ಹೋದರು. ಬಾಗಿಲು, ಟೂಲ್ ಬಾಕ್ಸು, ಬ್ಯಾಟರಿ ಚಾರ್ಜರಿನ ಕ್ಲಿಪ್ಪು ಸಮೇತ. ಸೋಮವಾರ ಚಾರ್ಜರ್ ಕೆಲಸ ಮಾಡಲಿಲ್ಲ. ಕೇಳಿದರೆ, ‘ಬೋಲ್ಟಿನ ಅಡಿಗೆ ಬಳೀಬ್ಯಾಡ ಅಂದಿದ್ದೆ, ಕ್ಲಿಪ್ಪಿಗೆ ಬ್ಯಾಡ ಅಂತ ಅಂದಿದ್ಯಾ?’ ಅಂದರು. ನೀವು ಕೂತಿರೋ ಸ್ಟೂಲಿಗೂ ಅದೇ ಪೇಂಟು."

ಡಾಕ್ಟರು ಎದ್ದು ಸ್ಟೂಲನ್ನು ನೋಡಿದರು. ತಿಳಿನೀಲಿ. ಅಂಗಡಿಯ ಬಾಗಿಲು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಜೀಪಿನ ಬಾನೆಟ್ಟಿನೊಳಗೆ ನೋಡಿದರು.

"ಆ ಮೇಕೆಗೆ ನಾನು ದುಡ್ಡು ತಗೊಳ್ಳಲಿಲ್ಲ" ಅಂದರು. "ಎಷ್ಟು ಹೇಳಿದರೂ ಗೌಡರು ಕೇಳದೆ, ‘ನಿಮ್ಮ ಋಣ ಇಟ್ಕೊಳ್ಳಲ್ಲ ಸಾರ್’ ಅಂತ ಹೇಳಿ ಹೋಗಿದ್ದರು."

"ಇಟ್ಕೊಂಡಿಲ್ಲ" ಅಂದೆ, ಹ್ಯಾಕ್ಸಾ ಬ್ಲೇಡು ತೋರಿಸಿ. "ಅವರು ತೀರಿಸಿದ್ದನ್ನೇ ಈಗ ಕೆರೀತೀನಿ."