ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ಹೊತ್ತಿನ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಜನ ತಡವಾಗಿ ಬರುತ್ತಾರೆಂದು ಆಫೀಸಿನ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ಇಟ್ಟವನು ನಾನೇ. ಎರಡೇ ದಿನದಲ್ಲಿ ಗುಟ್ಟು ರಟ್ಟಾಗಿ, ಎಲ್ಲರೂ ಇಪ್ಪತ್ತು ಕಳೆದು ಮೊದಲಿನಷ್ಟೇ ತಡವಾಗಿ ಬರತೊಡಗಿದರು. ಆದರೂ ಬುದ್ಧಿ ಬರದೆ, ಬಸ್ಸು ತಪ್ಪಬಾರದೆಂದು ಮನೆಯ ಗಡಿಯಾರವನ್ನೂ ಹಾಗೆಯೇ ಇಟ್ಟೆ. ಅದನ್ನು ನೋಡಿ ಇಪ್ಪತ್ತು ಕಳೆಯುವುದು ನಮಗೀಗ ಉಸಿರಾಡಿದಷ್ಟು ಸಲೀಸು.

ಮದುವೆಯಾಗಿ ಎಂಟು ವರ್ಷಕ್ಕೆ ನಾನೂ ನನ್ನ ಹೆಂಡತಿ ಪೂರ್ಣಿಮಾಳೂ ಮಗುವಿಗಾಗಿ ಹಾಸನದ ಆಸ್ಪತ್ರೆಯೊಂದರ ಮೆಟ್ಟಿಲು ಹತ್ತಿದೆವು. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಅಂಡ ಬೆಳೆಸೋಕೆ ಒಂದು ಇಂಜೆಕ್ಷನ್ ನಡೀತಿದೆ. ನಾವು ತೆಗೆಯೋಕೆ ಮೊದ್ಲೇ ಅವು ಹೊರಗೆ ಬಂದ್ಬಿಡದ ಹಾಗೆ ತಡೆಯೋಕೆ ಇನ್ನೊಂದು. ಇದನ್ನ ಇವತ್ತಿಂದ ದಿನಾ ಸಂಜೆ ಆರಕ್ಕೆ, ಒಂದೇ ಹೊತ್ತಿಗೆ ಕೊಡಿ." ನನಗೆ ಕೂಡಲೇ ಅರ್ಥವಾಯಿತು. ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲೇ ನಾಲ್ಕು ಹನಿ ಬಿದ್ದು ಮೊಗ್ಗು ಅರೆಬರೆ ಬಿರಿದರೆ ಫಸಲೇ ಕೈತಪ್ಪುವುದನ್ನು ಕಂಡವನು ನಾನು. ಅರ್ಥವಾದದ್ದೇ ತಪ್ಪಾಯಿತು, ಭಯ ಅಲ್ಲಿಂದಲೇ ಶುರು.

ಮೊದಲ ಸಂಜೆ ಗೋಡೆ ಗಡಿಯಾರ ಆರು ತೋರಿಸುತ್ತಲೇ ಸಿರಿಂಜು ಹಿಡಿದು ನಿಂತೆ. ಪೂರ್ಣಿಮಾ ಹತ್ತಿ ತನ್ನಿ ಎಂದಳು. ತಂದುಕೊಟ್ಟೆ. ಕೈಗೆ ಸರಿಯಾಗಿ ಸೋಪು ಹಾಕಿಲ್ಲ ಎಂದಳು. ಮತ್ತೆ ತೊಳೆದೆ. ಕನ್ನಡಕ ಎಲ್ಲಿ ಎಂದಳು, ಮನೆಯೆಲ್ಲ ಹುಡುಕಿದೆ. ಅಂತೂ ಚುಚ್ಚಿದ್ದಾಯಿತು. ಮರುದಿನ ಬೆಳಿಗ್ಗೆ ಹಾಜರಿ ಬರೆಯುವಾಗ ಆಫೀಸಿನ ಗಡಿಯಾರ ಕಂಡು ಪೆನ್ನು ಕೆಳಗಿಟ್ಟೆ. ಹಿಂದಿನ ಸಂಜೆ ಇಪ್ಪತ್ತು ಕಳೆಯಲು ಮರೆತಿದ್ದೆ!

ಗೋಡೌನಿನ ಹಿಂದೆ ನಿಂತು ಆಸ್ಪತ್ರೆಗೆ ಫೋನ್ ಮಾಡಿದೆ. "ಇಪ್ಪತ್ತು ನಿಮಿಷಕ್ಕೆ ಏನಾಗಲ್ಲ ಸಾರ್, ಇವತ್ತಿಂದ ಸರಿಯಾಗಿ ಆರಕ್ಕೆ ಕೊಡಿ," ಎಂದರು ನರ್ಸ್. ಮನಸ್ಸು ಕೇಳಬೇಕಲ್ಲ! ಅಂಡಗಳು ಒಂದೊಂದಾಗಿ ಎದ್ದು ಹೊರಟಂತೆ ಕಾಣುತ್ತಿತ್ತು. ಪೂರ್ಣಿಮಾಳಿಗೆ ಹೇಳುವ ಧೈರ್ಯವಾಗಲಿಲ್ಲ. ಆಮೇಲೆ ಮೊಬೈಲು ನೋಡಿಯೇ ಚುಚ್ಚಿದೆ. ಅಂಡಗಳನ್ನು ನೋಡಲು ಹಾಸನದಲ್ಲಿ ಸ್ಕ್ಯಾನಿಂಗ್ ಇದ್ದ ಹಿಂದಿನ ಸಂಜೆ, ಆ ಗೋಡೆ ಗಡಿಯಾರದ ಮುಖ ನೋಡಲಾಗದೆ, ಯಾರಿಗೂ ತಿಳಿಯದಂತೆ ಅದನ್ನು ಸರಿಮಾಡಿಟ್ಟೆ.

ಬೆಳಿಗ್ಗೆ ಏಳೂವರೆಗೆ ಬಸ್ಸು. ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು. ಅಭ್ಯಾಸಬಲದಿಂದ ಇಬ್ಬರೂ ಇಪ್ಪತ್ತು ಕಳೆದು, ಇನ್ನೊಂದು ಲೋಟ ಕಾಫಿ ಕುಡಿದೆವು. ಬಸ್ಸು ಹೋಗಿಯೇಬಿಟ್ಟಿತು. ಕೊನೆಗೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜದ ಮೂಟೆ ತುಂಬಿಕೊಂಡು ಹಾಸನಕ್ಕೆ ಹೊರಟಿದ್ದ ಪಿಕಪ್ಪಿನಲ್ಲಿ ಡ್ರೈವರ್ ಪಕ್ಕ ಜಾಗ ಸಿಕ್ಕಿತು.

"ಮಾರಾಯ್ರೆ, ಗಡಿಯಾರ ಮುಟ್ಟಿದ್ದು ಯಾರು?" ಎಂದಳು ಪೂರ್ಣಿಮಾ. ನಾನು ಎಲ್ಲವನ್ನೂ ಒಪ್ಪಿಕೊಂಡೆ.

"ಅವತ್ತು ಹತ್ತಿ, ಸೋಪು, ಕನ್ನಡಕ ಅಂತ ನಿಮ್ಮನ್ನ ಯಾಕೆ ಓಡಾಡಿಸ್ದೆ ಅಂದ್ಕೊಂಡ್ರಿ? ನನ್ನ ಫೋನಲ್ಲಿ ಆರಾಗ್ಲಿ ಅಂತ ಕಾಯ್ತಿದ್ದೆ."

"ಆಗ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮ ಕೈ ಇನ್ನೂ ನಡುಗ್ತಿತ್ತು. ಚುಚ್ಚಿಸ್ಕೊಳ್ಳೋಳು ನಾನಲ್ವಾ?"

ನಕ್ಕಳು. ಆದರೆ ನನ್ನ ಕೈ ಹಿಡಿದಿದ್ದ ಅವಳ ಕೈ ತಣ್ಣಗಿತ್ತು. ಹಾಸನ ಬರುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಡಾಕ್ಟರಮ್ಮ ಪರದೆಯನ್ನು ತುಂಬ ಹೊತ್ತು ನೋಡಿ, "ಒಂಬತ್ತು ಇವೆ. ಎಲ್ಲಾ ಅವವುಗಳ ಜಾಗದಲ್ಲೇ ಇವೆ," ಎಂದರು. ಪೂರ್ಣಿಮಾ ಕಣ್ಣೊರೆಸಿಕೊಂಡಳು. ಮುಂದೇನೋ ಗೊತ್ತಿಲ್ಲ. ಆದರೆ ಈ ಐದು ದಿನಗಳಲ್ಲಿ ಹೊತ್ತಿಗೆ ಮೊದಲೇ ಜಾಗ ಬಿಟ್ಟು ಎದ್ದವನು, ಸಿರಿಂಜು ಹಿಡಿದು ನಿಂತ ನಾನೊಬ್ಬನೇ.