ಬಂದೂಕು ಹಿಡಿದ ದೊಡ್ಡಮ್ಮ, ಹೊಟ್ಟೆ ಉರಿಸಿಕೊಂಡ ನಾನು

ನಮ್ಮ ದೊಡ್ಡಮ್ಮ ಇದುವರೆಗೆ ಕಡಿಮೆಯೆಂದರೂ ಸಾವಿರ ಜನರನ್ನು ಗುಂಡಿಕ್ಕಿ ಕೊಂದಿದ್ದಾರೆ! ಗಾಬರಿಯಾಗಬೇಡಿ, ಎಲ್ಲವೂ ಟಿವಿ ಪರದೆಯ ಮೇಲೆ. ಕಾಪುವಿನ ಮನೆಯಲ್ಲಿ ಬೆಳಗ್ಗಿನ ದೋಸೆ ಮುಗಿಸಿ, ಕನ್ನಡಕ ಏರಿಸಿಕೊಂಡು ಕೂತರೆಂದರೆ ಶತ್ರುಗಳ ಕಥೆ ಮುಗಿದ ಹಾಗೆ.

ಮಣಿಪಾಲದಲ್ಲಿ ಕೆಲಸ ಮಾಡುವ ಅವರ ಮಗಳು ಗೆಳತಿಯರ ಜೊತೆ ಆಡಲೆಂದು ತಂದ ಯುದ್ಧದ ಗೇಮ್ ಅದು. ಒಬ್ಬರೇ ಕೂತು ಆಡುವಂಥ ಕಥೆಯೂ ಅದರಲ್ಲಿದೆ. ಮಗಳು ಅದನ್ನು ಮುಟ್ಟಿಯೂ ನೋಡಲಿಲ್ಲ. ದೊಡ್ಡಮ್ಮ ಹಿಡಿದುಕೊಂಡರು. ಮರುದಿನವೇ ನನಗೆ ಫೋನು.

"ಇದು ಎಂತ ಕಥೆ ಮಾರಾಯ್ತಿ? ನಾಯಕನಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಊರೂ ಇಲ್ಲ. ಒಂದು ದೇಶದಲ್ಲಿ ಹೆಲಿಕಾಪ್ಟರ್ ಹತ್ತುತ್ತಾನೆ, ಇನ್ನೊಂದರಲ್ಲಿ ಇಳಿಯುತ್ತಾನೆ. ನಡುವೆ ಒಂದು ಚಾ ಕೂಡ ಕುಡಿಯುವುದಿಲ್ಲ!"

"ಅದು ಗುಂಡು ಹೊಡೆಯುವ ಆಟ ದೊಡ್ಡಮ್ಮ. ಕಥೆ ಯಾರಿಗೆ ಬೇಕು?"

"ಹಾಗಾದರೆ ನಾನು ಇವರನ್ನೆಲ್ಲ ಯಾಕೆ ಕೊಲ್ಲುವುದು? ಕಾರಣ ಬೇಡವಾ?"

ಕಡೆಗೆ ಕಾರಣವನ್ನೂ ಅವರೇ ಕೊಟ್ಟರು. ನಾಯಕನಿಗೆ ನಮ್ಮ ಹೆಬ್ರಿಯಲ್ಲೊಂದು ಮನೆಯಾಯಿತು, ಒಬ್ಬ ತಂಗಿಯಾದಳು. ಖಳನಾಯಕ ಆ ತಂಗಿಯ ಮದುವೆ ಮುರಿದವನಾದ. ಆಮೇಲೆ ಗುಂಡುಗಳು ಸರಾಗವಾಗಿ ಹಾರಿದವು!

ಇದರಲ್ಲಿ ನನಗೇನು ಕಷ್ಟ? ಕಷ್ಟವೇ! ನಾನು ಕತೆಗಾರ್ತಿ. ಎರಡು ಸಂಕಲನ ತಂದವಳು. ಕಟಪಾಡಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊಸ ಪುಸ್ತಕ ಹಿಡಿದುಕೊಂಡೇ ಹೋಗಿದ್ದೆ. ನೋಡಿದರೆ ಆ ಆಟದ ಕಥೆ ಹೇಳುತ್ತಿದ್ದ ದೊಡ್ಡಮ್ಮನ ಸುತ್ತ ಜನವೋ ಜನ. "ಮತ್ತೆ ತಂಗಿಗೆ ಗೊತ್ತಾಯಿತಾ?" ಎಂದು ಅಡುಗೆಯವರೇ ಸೌಟು ಹಿಡಿದು ನಿಂತಿದ್ದರು! ನನ್ನ ಪುಸ್ತಕವನ್ನೂ ಒಬ್ಬರು ಕೇಳಿ ತೆಗೆದುಕೊಂಡರು, ಇಲ್ಲವೆನ್ನಲಾರೆ. ಸೆಕೆಗೆ ಗಾಳಿ ಹಾಕಿಕೊಳ್ಳಲು.

ಹೊಟ್ಟೆ ಧಗಧಗ ಉರಿಯಿತು. ಅವರ ಕಥೆಯಲ್ಲಿ ಒಂದಾದರೂ ತಪ್ಪು ಹಿಡಿಯಬೇಕೆಂದು ಮುಂದಿನ ಭಾನುವಾರ, ಬರುತ್ತೇನೆಂದು ಫೋನು ಮಾಡಿ ಕಾಪುವಿಗೆ ಹೊರಟೆ. ಬಸ್ಸು ಕೈಕೊಟ್ಟು, ತಲುಪುವಾಗ ಊಟದ ಹೊತ್ತು ಮೀರಿತ್ತು.

ದೊಡ್ಡಮ್ಮ ಟಿವಿಯ ಮುಂದೆ ಸುಮ್ಮನೆ ಕೂತಿದ್ದರು. ಪರದೆಯ ಮೇಲೊಂದು ಸೇತುವೆ. ಈಚೆ ಬದಿಯಲ್ಲಿ ನಾಯಕ, ಪಕ್ಕದಲ್ಲಿ ಎಳೆ ಮುಖದ ಒಬ್ಬ ಸೈನಿಕ. ಇಬ್ಬರೂ ನಿಂತಲ್ಲೇ ನಿಂತಿದ್ದರು.

"ಎಂತ, ಹಾಳಾಯಿತಾ?"

"ಇಲ್ಲ. ಸೇತುವೆ ದಾಟಿದರೆ ಈ ಪಾಪದವ ಸಾಯುತ್ತಾನೆ. ಎಷ್ಟು ಸಲ ಆಡಿದರೂ ಹಾಗೆಯೇ. ಕಥೆ ಬರೆದವರಿಗೆ ಇವನ ಹೆಸರು ಹೇಳಲಿಕ್ಕೂ ಪುರುಸೊತ್ತಿಲ್ಲ."

"ಮತ್ತೆ?"

"ನಾನು ದಾಟುವುದಿಲ್ಲ. ನಾನು ದಾಟದೆ ಕಥೆ ಮುಂದೆ ಹೋಗುವುದಿಲ್ಲ, ಅಲ್ವಾ?"

ನನಗೆ ಮತ್ತೆ ಹೊಟ್ಟೆಕಿಚ್ಚು. ಈ ಸಲ ದೊಡ್ಡಮ್ಮನ ಮೇಲಲ್ಲ, ಆ ಹೆಸರಿಲ್ಲದ ಸೈನಿಕನ ಮೇಲೆ! ನನಗೋಸ್ಕರ ಹೀಗೆ ಎಲ್ಲವನ್ನೂ ನಿಲ್ಲಿಸಿ ಕೂರುವವರು ಯಾರಿದ್ದಾರೆ?

ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಎದ್ದರು.

"ಬಾ, ಕೈ ತೊಳೆ. ನೀನು ಬರುತ್ತಿ ಅಂತ ನಾನೂ ಇನ್ನೂ ಊಟ ಮಾಡಲಿಲ್ಲ."